ಬಸವಣ್ಣೆವ್ವ ಕೈಯಿಟ್ಟ ಮಣ್ಣು

ಹಲಗೇರಿಯಲ್ಲಿ ಯಾರಾದರೂ ತೀರಿಕೊಂಡರೆ ಬೀಗರಿಗಿಂತ ಮೊದಲು ಬಸವಣ್ಣೆವ್ವನಿಗೆ ಸುದ್ದಿ ಹೋಗುತ್ತಿತ್ತು. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ಸೆರಗನ್ನು ತಲೆತುಂಬ ಹೊದ್ದು, ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಬರುತ್ತಿದ್ದಳು. ಗೋಡೆಗೆ ಆನಿಸಿ ಕೂರಿಸಿದ ಹೆಣದ ಮುಂದೆ ಕುಳಿತು, ಅದರ ಎದೆಯ ಮೇಲೆ ಬಲಗೈ ಇಟ್ಟು, ಹಾಡಿ ಅಳಲು ಶುರುಮಾಡುತ್ತಿದ್ದಳು. ಕೈಯಿಡದೆ ಅವಳು ಎಂದೂ ಹಾಡಿದವಳಲ್ಲ. ಕೈಯಿಟ್ಟರೆ ಮಾತ್ರ ಹಾಡು ಸತ್ತವರನ್ನು ತಲುಪುತ್ತದೆ, ಇಲ್ಲದಿದ್ದರೆ ಅದು ಮನೆಯಲ್ಲಿ ಬದುಕಿರುವವರನ್ನು ಹುಡುಕಿಕೊಂಡು ಬರುತ್ತದೆ ಎಂದು ನಮ್ಮ ಓಣಿಯವರು ನಂಬಿದ್ದರು. ಹಾಗಾಗಿ ಸಾವಿಲ್ಲದ ಮನೆಯಲ್ಲಿ ಆ ಹಾಡಿನ ಒಂದು ಸಾಲನ್ನೂ ಯಾರೂ ಗುನುಗುತ್ತಿರಲಿಲ್ಲ.

ಸತ್ತವರ ಬದುಕೆಲ್ಲ ಆ ಹಾಡಿನಲ್ಲಿ ಬರುತ್ತಿತ್ತು. ಹುಟ್ಟು, ಮದುವೆ, ಹಟ, ಅವರಿಗೆ ಸೇರುತ್ತಿದ್ದ ಪಲ್ಯ. ಒಮ್ಮೊಮ್ಮೆ ಚುಚ್ಚುಮಾತು ಕೂಡ. ನಮ್ಮ ಓಣಿಯ ಜಿಪುಣ ಮುದುಕ ಸತ್ತಾಗ, "ಬೆಲ್ಲದ ಗಡಿಗಿ ಮುಚ್ಚಿಟ್ಟ ಹೋದ್ಯೋ ಯಪ್ಪಾ, ಇರಿವಿ ಕೈಯಾಗ ಕೀಲಿ ಕೊಟ್ಟ ಹೋದ್ಯೋ" ಎಂದು ಅವಳು ರಾಗ ಎಳೆದಾಗ ಸೊಸೆಯರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಳು ತಡೆಯಲೋ ನಗು ತಡೆಯಲೋ ತಿಳಿಯಲಿಲ್ಲ.

ಹೆಣ ಎತ್ತುವ ಮುಂಚೆ ಸತ್ತವರ ಜೊತೆ ಸುದ್ದಿ ಕಳಿಸುವ ರೂಢಿ. ಮೊದಲೇ ಹೋದವರಿಗೆ ಇಲ್ಲಿಯ ಸಮಾಚಾರ ತಿಳಿಯಬೇಕಲ್ಲ. ನಿನ್ನ ಮಗಳು ಹಡೆದಳು ಎಂದು ಹೇಳು, ಬಾವಿಗೆ ನೀರು ಬಂತು ಎಂದು ಹೇಳು. ಮನೆಯವರ ಸುದ್ದಿಗಳೆಲ್ಲ ಮುಗಿದ ಮೇಲೆ ಬಸವಣ್ಣೆವ್ವ ತನ್ನದೊಂದನ್ನು ಸೇರಿಸುತ್ತಿದ್ದಳು. ನನ್ನ ಅಜ್ಜಿ ತೀರಿಕೊಂಡಾಗ ಅದನ್ನು ನಾನು ಹತ್ತಿರದಿಂದ ಕೇಳಿದೆ.

"ಗಿರಣ್ಯಾಗ ಹೋದ ಮೈಲವ್ವ ಸಿಕ್ಕರ ಹೇಳವ್ವಾ, ಕೂಸು ಮಲಗ್ಯಾವ, ನಾ ಇನ್ನೂ ತೂಗಾಕತ್ತೇನಿ."

ಮೈಲವ್ವ ಯಾರು ಎಂದು ಅವ್ವನನ್ನು ಕೇಳಿದೆ. ನನ್ನ ಅವ್ವ ಪ್ರೇಮವ್ವ ಸಾವಿನ ಮಾತನ್ನು ಒಲೆಯ ಹತ್ತಿರ ಆಡಗೊಡುವವಳಲ್ಲ. "ಆಕಿ ಅಕ್ಕ. ಸಣ್ಣಾಕಿದ್ದಾಗ ಸತ್ಲು. ಉಣ್ಣಾಕ ಏಳ" ಎಂದಳು.

ಬಸವಣ್ಣೆವ್ವ ನಮ್ಮೂರಿನವಳೇ. ಮದುವೆಯಾಗಿ ಬ್ಯಾಡಗಿಗೆ ಹೋದಳು. ಗಂಡ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲ. ಅವಳು ಅಂಗಡಿಗಳ ಅಂಗಳದಲ್ಲಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಒಂದು ಟ್ರಂಕು ಮತ್ತು ಬ್ಯಾಡಗಿಯ ಕೆಮ್ಮನ್ನು ಹೊತ್ತುಕೊಂಡು ತವರಿಗೆ ಬಂದಳು. ಅವಳಿಗೊಂದು ಚಾಳಿಯಿತ್ತು. ಸುಮ್ಮನೆ ಕುಳಿತಾಗ ಬಲಗೈ ಗಾಳಿಯಲ್ಲಿ ಹಿಂದೆಮುಂದೆ ಆಡುತ್ತಿರುತ್ತಿತ್ತು, ಕಾಣದ ಹಗ್ಗವೊಂದನ್ನು ಎಳೆದು ಬಿಟ್ಟಂತೆ. ಮಕ್ಕಳು ಅಣಕಿಸುತ್ತಿದ್ದರು. ಅವಳು ಬೈಯುತ್ತಿದ್ದಳು, ಕೈ ನಿಲ್ಲುತ್ತಿರಲಿಲ್ಲ.

೨೦೦೫ರಲ್ಲಿ ನಾನು ರಾಣೇಬೆನ್ನೂರಿನ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಇತಿಹಾಸ ಕಲಿಸುವ ಸಿದ್ದಲಿಂಗೇಶ ಸರ್ ಒಂದು ದಿನ ತರಗತಿಯಲ್ಲಿ ಸುತ್ತೋಲೆ ಓದಿದರು. ಹಾವೇರಿಯ ಒಂದು ಶಿಕ್ಷಣ ಪ್ರತಿಷ್ಠಾನ ಬಿ.ಎ. ಇತಿಹಾಸದ ವಿದ್ಯಾರ್ಥಿಗಳ ಸಂಶೋಧನೆಗೆ ಧನಸಹಾಯ ಕೊಡುತ್ತದೆ. ಅಚ್ಚಾದ ಪುಸ್ತಕ ನೋಡಿ ಬರೆದದ್ದು ನಡೆಯುವುದಿಲ್ಲ. ಯಾರೂ ಬಳಸದ ಹೊಸ ಆಕರ ಬೇಕು. ಅರ್ಧ ಹಣ ಮೊದಲು, ಅರ್ಧ ವರದಿ ಒಪ್ಪಿಗೆಯಾದ ಮೇಲೆ.

ಹಿಂದಿನ ಬೆಂಚಿನಿಂದ ಅಶ್ಫಾಕ ಎದ್ದ. "ಸರ್, ನಮ್ಮ ಮನಿ ಇತಿಹಾಸ ಬರದ್ರ ಕೊಡ್ತಾರೇನ್ರಿ?"

"ನಿಮ್ಮ ಮನ್ಯಾಗ ಇತಿಹಾಸ ಮಾಡಿದವರು ಯಾರದಾರಪ್ಪ?"

"ನಮ್ಮಜ್ಜಿ ಮೂರು ಮಂದಿ ಸೊಸ್ತೇರನ್ನ ಓಡಿಸ್ಯಾಳ್ರಿ."

"ಯುದ್ಧದ ಇತಿಹಾಸ ಭಾಳ ಆಗೇತಿ, ಕುಂದ್ರು" ಎಂದರು ಸರ್. ಹುಡುಗರು ಕೋಟೆ, ಗುಡಿ, ವೀರಗಲ್ಲು ಎಂದು ಬರೆದುಕೊಟ್ಟರು. ನಾನು ರಾಣೇಬೆನ್ನೂರಿನ ಹಳೆಯ ಹತ್ತಿ ಗಿರಣಿ ಎಂದು ಬರೆದೆ.

ಶನಿವಾರ ಬಸವಣ್ಣೆವ್ವನ ಮನೆಗೆ ಹೋದೆ. ಅವಳು ಹೊಸ್ತಿಲಲ್ಲಿ ಕಾಲು ಚಾಚಿ ಕುಳಿತು ಯಾರದೋ ಮನೆಯ ಮೆಣಸಿನಕಾಯಿ ಬಿಡಿಸುತ್ತಿದ್ದಳು.

"ಏನ ಹುಡುಗೀ, ನಾ ಎಂದ ಹೊಂಟೇನಿ ಅಂತ ಕೇಳಾಕ ಬಂದಿಯೇನ?"

"ಇಲ್ಲಾಯೀ. ಗಿರಣಿ ಸುದ್ದಿ ಕೇಳಾಕ ಬಂದೇನಿ."

ಬೆರಳುಗಳು ನಿಂತವು. "ಯಾರು ಕಳಿಸ್ಯಾರ ನಿನ್ನ? ಗಿರಣಿ ಸಾವಕಾರ್ರ ಮನ್ಯಾವರೇನ?"

"ಕಾಲೇಜಿನವರು. ಇತಿಹಾಸ ಬರದ್ರ ರೊಕ್ಕ ಕೊಡ್ತಾರ."

"ಸತ್ತವರ ಸುದ್ದಿಗೆ ರೊಕ್ಕ ಕೊಡ್ತಾರ? ನಾ ಇಷ್ಟ ವರ್ಷ ಬರೇ ಚಾ ಕುಡದ ಬಂದೆನಲ್ಲ ಬೇ!" ಎಂದು ನಕ್ಕಳು. ನಕ್ಕದ್ದು ಕೆಮ್ಮಾಯಿತು. ಆ ದಿನ ಅವಳು ಮತ್ತೇನೂ ಹೇಳಲಿಲ್ಲ. ಎರಡು ವಾರ ನಾನು ಅವಳ ಜೊತೆ ಕುಳಿತು ತೊಟ್ಟು ಬಿಡಿಸಿದೆ. ಉರಿಯುವ ಬೆರಳಿನಿಂದ ಕಣ್ಣು ಮುಟ್ಟಿಕೊಂಡು ಅತ್ತೆ. ಅದನ್ನು ನೋಡಿ ಅವಳಿಗೆ ಕನಿಕರ ಬಂದಿರಬೇಕು.

ಸ್ವಾತಂತ್ರ್ಯ ಬರುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ರಾಣೇಬೆನ್ನೂರಿನ ಆ ಗಿರಣಿಗೆ ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಹತ್ತಿ ಆರಿಸಲು ಹೋಗುತ್ತಿದ್ದರು. ಮೈಲವ್ವ ಹದಿನಾಲ್ಕರವಳು, ಒಳಗೆ ಅರಳೆ ಹೊರುತ್ತಿದ್ದಳು. ಬಸವಣ್ಣೆವ್ವ ಇನ್ನೂ ಸಣ್ಣವಳು. ಕೆಲಸದ ಹೆಂಗಸರು ತಂದ ಹಸುಗೂಸುಗಳನ್ನು ಅಂಗಳದ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸುತ್ತಿದ್ದರು. ಎಲ್ಲ ಜೋಳಿಗೆಗಳಿಗೂ ಒಂದೇ ಹಗ್ಗ. ಅದನ್ನು ಎಳೆದು ಬಿಡುವುದು ಅವಳ ಕೆಲಸ. ಹೆಂಗಸರು ಸೀರೆಯಲ್ಲಿ ಹತ್ತಿ ಮುಚ್ಚಿಟ್ಟುಕೊಂಡು ಹೋಗುತ್ತಾರೆಂದು ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಕೀಲಿ ಹಾಕುತ್ತಿದ್ದರು. ಬೆಂಕಿ ಬಿದ್ದಾಗ ಕೀಲಿಯವನು ಉಣ್ಣಲು ಮನೆಗೆ ಹೋಗಿದ್ದ.

"ಒಳಗ ಅವರು ಬಾಗಲಾ ಬಡಿಯಾಕತ್ತಿದ್ರು. ಹೊರಗ ಕೂಸು ಚೀರಾಕತ್ತಿದ್ವು" ಎಂದಳು ಬಸವಣ್ಣೆವ್ವ. "ನನಗ ಕೂಸಿನ ಕೆಲಸ ಅಷ್ಟ ಹೇಳಿದ್ರು. ತೂಗಿದೆ."

ಹಳ್ಳಿಗಳಿಂದ ಬಂಡಿ ಬರುವಷ್ಟರಲ್ಲಿ ಮಾಲಕರ ಮಂದಿ ಗಿಡದ ಹತ್ತಿರವೇ ಕುಣಿ ತೋಡಿಸಿ, ಎಲ್ಲರನ್ನೂ ಒಂದರಲ್ಲೇ ಇಟ್ಟು ಮುಚ್ಚಿಸಿದ್ದರು. ಗುರುತು ಹತ್ತುವಂತಿಲ್ಲ, ನೋಡಿ ಏನು ಮಾಡುತ್ತೀರಿ ಎಂದರಂತೆ. ಲಿಂಗವಂತರ ಹೆಂಗಸರು, ಸಾಬರ ಹೆಂಗಸರು, ಎಲ್ಲರಿಗೂ ಅದೇ ಕುಣಿ. ಕೈಯಿಡಲು ಮೈ ಸಿಗದ ಕಾರಣ ಅವರ ಮುಂದೆ ಯಾರೂ ಹಾಡಲಿಲ್ಲ. ಮರುದಿನದಿಂದ ಸತ್ತವರ ಮನೆಯವರಿಗೆ ಗೇಟು ಮುಚ್ಚಿತು.

ಆ ಜೋಳಿಗೆಯ ಕೂಸುಗಳು ಎಲ್ಲಿ ಬೆಳೆದವು, ಏನಾದವು ಎಂಬುದನ್ನು ಬಸವಣ್ಣೆವ್ವ ಸಂತೆಯಲ್ಲಿ, ಜಾತ್ರೆಯಲ್ಲಿ, ಬ್ಯಾಡಗಿಯ ಪೇಟೆಯಲ್ಲಿ ಕೇಳಿ ಕೇಳಿ ತಿಳಿದುಕೊಂಡಿದ್ದಳು. ಅದನ್ನು ಅವರ ತಾಯಂದಿರಿಗೆ ಹೇಳಬೇಕಿತ್ತು. ಅವಳಿಗೆ ಬದುಕಿನಲ್ಲಿ ಉಳಿದಿದ್ದ ಕೆಲಸ ಅದೊಂದೇ. ಬೇರೆಯವರ ಹೆಣದ ಜೊತೆ ಕಳಿಸುವ ಸುದ್ದಿ ಅವಳಿಗೆ ಸಾಕಾಗಿರಲಿಲ್ಲ. ಒಂದು ಸಲ ತಾನೇ, ಅವರನ್ನು ಮುಚ್ಚಿದ ಮಣ್ಣಿನ ಮೇಲಾದರೂ ಕೈಯಿಟ್ಟು ಹಾಡಬೇಕು.

"ಇಲ್ಲಿ ಹಾಡೂದಿಲ್ಲ ನಾ" ಎಂದಳು ನನ್ನ ಟೇಪ್‌ರೆಕಾರ್ಡರನ್ನು ಓರೆಗಣ್ಣಿನಿಂದ ನೋಡುತ್ತ. "ನಿಮ್ಮ ಸಾಲಿ ಕಾಗದಕ್ಕ ಆ ಗೇಟು ತೆರಿತೈತೇನ, ಅದನ್ನ ಹೇಳ."

ತೆರೆಯಿತು. ಗಿರಣಿ ನಿಂತು ಎಷ್ಟೋ ವರ್ಷವಾಗಿತ್ತು. ವಾರಸುದಾರರು ಜಾಗವನ್ನು ಪ್ಲಾಟು ಮಾಡಿ ಮಾರುವ ಮಾತಿನಲ್ಲಿದ್ದರು. ಸಿದ್ದಲಿಂಗೇಶ ಸರ್ ಪ್ರತಿಷ್ಠಾನದ ಮಂಜೂರಾತಿ ಪತ್ರ ಹಿಡಿದು ಹೋಗಿ ಅರ್ಧ ದಿನದ ಅನುಮತಿ ತಂದರು. ಮೊದಲ ಕಂತಿನ ಹಣದಲ್ಲಿ ಊರಿನಿಂದ ಆಟೋ ಮಾಡಿದೆ. ಬಸವಣ್ಣೆವ್ವ ಹೊಸ ಸೀರೆಯನ್ನೇನೂ ಉಟ್ಟಿರಲಿಲ್ಲ. ಸಾವಿನ ಮನೆಗೆ ಹೊರಡುವ ಹಾಗೆಯೇ ಹೊರಟಿದ್ದಳು.

ಸರ್ ಆಗಲೇ ಗೇಟಿನ ಹತ್ತಿರ ಬಂದಿದ್ದರು. ಗೇಟು ಕಾಯುವ ಶಾಬುದ್ದೀನ ಅವಳ ಕೈ ಹಿಡಿದು ಇಳಿಸಿಕೊಂಡ. ಒಳಗೆ ಶೆಡ್ಡು ಇರಲಿಲ್ಲ, ಎಂದೋ ಕೆಡವಿದ್ದರು. ಜಾಲಿಯ ಮುಳ್ಳು, ತುಂಡುಗೋಡೆ, ನಡುವೆ ಒಂದು ದೊಡ್ಡ ಬೇವಿನ ಗಿಡ. ಅವಳು ಬಹಳ ಹೊತ್ತು ನಿಂತು ನೋಡಿದಳು.

"ಇದ ಗಿಡ ಹೌದಲ್ಲೋ ತಮ್ಮಾ?"

"ನಾ ಬಂದಾಗಿಂದ ಇದೊಂದ ಐತಿ ಆಯೀ."

"ಹಂಗಾರ ಇದ."

ಗಿಡದ ಬುಡಕ್ಕೆ ಬೆನ್ನು ಹಚ್ಚಿ ನಿಂತು, ಅಂದು ಕುಣಿ ಯಾವ ಕಡೆ ಕಂಡಿತ್ತೋ ಆ ಕಡೆ ಮುಖ ಮಾಡಿ, ನಡೆದು ಹೋಗಿ ಕುಳಿತಳು. ಕೈಯಿಂದಲೇ ಕಸ ಬಳಿದಳು. ಮೇಲಿನ ಒಣಮಣ್ಣು ತೆಗೆದು, ತುಸು ತಂಪಾದ ಮಣ್ಣು ಸಿಕ್ಕ ಮೇಲೆ ಅದರ ಮೇಲೆ ಬಲಗೈ ಊರಿದಳು. ನಾನು ಟೇಪಿನ ಗುಂಡಿ ಒತ್ತಿದೆ.

ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸಿದಳು.

"ರಹಿಮತಬೀ ಏಳ, ನಿನ್ನ ಮಗ ಟಾಂಗಾ ಹೊಡದ ದೊಡ್ಡಾಂವ ಆದ,
ಮೊಮ್ಮಗಳಿಗೆ ನಿನ್ನ ಹೆಸರಿಟ್ಟ ತೊಟ್ಟಲಕ ಹಾಕಿದ.
ನೀಲವ್ವಾ ಏಳ, ನಿನ್ನ ಕೂಸು ಹಾಲಿಲ್ಲದ ಉಳೀಲಿಲ್ಲ,
ನಿನ್ನ ಹಿಂದ ಬಂದೈತಿ, ಮಗ್ಗಲಾಗ ಐತೇನ ನೋಡ."

ಶಾಬುದ್ದೀನ ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ನಿಂತ. ಸಿದ್ದಲಿಂಗೇಶ ಸರ್ ಬರೆದುಕೊಳ್ಳುವುದನ್ನು ಬಿಟ್ಟರು. ಕ್ಯಾಸೆಟ್ಟಿನ ಒಂದು ಬದಿ ಮುಗಿದು, ನಾನು ತಿರುಗಿಸಿ ಹಾಕಿದೆ. ಅಕ್ಕನ ಸರದಿ ಕೊನೆಗೆ ಬಂತು. ಅವಳಿಗೆ ಒಂದೇ ಸಾಲು.

"ಮೈಲವ್ವಾ, ಕೂಸೆಲ್ಲ ಮಲಗ್ಯಾವ, ಇನ್ನ ಕೈ ಬಿಡಲೇನ?"

ಆಟೋದಲ್ಲಿ ಮರಳುವಾಗ ಅವಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮರುದಿನವೂ ಹಾಗೆಯೇ ಇತ್ತು. ಓಣಿಯ ಮಕ್ಕಳು ಅಣಕಿಸಲು ಬಂದು ನಿರಾಶರಾಗಿ ಹೋದರು. ಆ ತಿಂಗಳು ಮೇಲಿನ ಓಣಿಯಲ್ಲೊಂದು ಸಾವಾಯಿತು. ಬಸವಣ್ಣೆವ್ವ ಮನೆಯವರ ಸುದ್ದಿಗಳನ್ನೆಲ್ಲ ಹಾಡಿ, ತನ್ನದೇನನ್ನೂ ಸೇರಿಸದೆ ಎದ್ದಳು.

ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಮಾಡಿಸಿಡು ಎಂದು ಸರ್ ಹೇಳಿದ್ದರು. ಪ್ರತಿಯಾಗಬೇಕಾದರೆ ಅದನ್ನು ಹಚ್ಚಬೇಕು, ಸಾವಿಲ್ಲದ ಕಡೆ ಆ ಹಾಡು ಕೇಳಿಸಬೇಕು. ಅವ್ವ ಕ್ಯಾಸೆಟ್ಟನ್ನು ಮನೆಯ ಸೂರಿನೊಳಗೇ ಬಿಡಲಿಲ್ಲ. ಅದು ಸರ್ ಅವರ ಕಪಾಟಿನಲ್ಲಿ ಇತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಕ್ಯಾಸೆಟ್ ಅಂಗಡಿಗೆ ಒಯ್ದೆ. ಅಂಗಡಿಯವನು ಹಚ್ಚಿ, ಎರಡು ಸಾಲು ಕೇಳಿ, ಸುಟ್ಟುಕೊಂಡವನಂತೆ ಗುಂಡಿ ಒತ್ತಿ ಹೊರಗೆ ತೆಗೆದ.

"ಏನ ತಂಗೀ, ಇದನ್ನ ತಂದು ಅಂಗಡ್ಯಾಗ ಹಚ್ಚಸ್ತೀಯಲ್ಲ? ನಮ್ಮ ಮನ್ಯಾಗ ಬಾಣಂತಿ ಅದಾಳ. ತಗೊಂಡು ನಡೀ."

ಇನ್ನೊಂದು ಅಂಗಡಿಯವನೂ ಅದನ್ನೇ ಹೇಳಿದ. ಸಿದ್ದಲಿಂಗೇಶ ಸರ್ ಧೈರ್ಯಸ್ಥರು. ಆದರೆ ಅವರ ತಂದೆ ಆಗ ಹಾಸಿಗೆ ಹಿಡಿದಿದ್ದರು. ಅವರೂ "ಇರಲಿ ಬಿಡು, ಹಾವೇರ್ಯಾಗ ಮೂಲಾನ ಇರತೈತೆಲ್ಲ" ಎಂದರು. ಪ್ರತಿಷ್ಠಾನದ ಕರಾರಿನಲ್ಲಿ ಮೂಲ ಧ್ವನಿಮುದ್ರಣವನ್ನು ಅವರಿಗೇ ಒಪ್ಪಿಸಬೇಕೆಂದಿತ್ತು. ಮಾರ್ಚಿನಲ್ಲಿ ವರದಿಯ ಜೊತೆ ಒಪ್ಪಿಸಿದೆ. ಸಮಿತಿಯವರು ಬಹಳ ಮೆಚ್ಚಿದರು. ಎರಡನೆಯ ಕಂತು ಬಂತು, ಪ್ರಶಸ್ತಿಪತ್ರ ಬಂತು. ಆಯ್ದ ವರದಿಗಳ ಒಂದು ಪುಸ್ತಿಕೆ ಅಚ್ಚಾಯಿತು. ಬೇವಿನ ಗಿಡದ ಕೆಳಗೆ ಬಸವಣ್ಣೆವ್ವ ನೆಲಕ್ಕೆ ಕೈಯೂರಿ ಕುಳಿತಾಗ ಸರ್ ತೆಗೆದ ಫೋಟೋ ಅದರ ಮುಖಪುಟದಲ್ಲಿತ್ತು. ಅವಳಿಗೆ ತೋರಿಸಿದೆ.

"ನಾ ಇಷ್ಟ ಮುದುಕಿ ಆಗೇನೇನ?" ಎಂದಳು. "ಗಿಡಾ ಮಾತ್ರ ಚಂದ ಬಂದೈತಿ."

ಆ ಚಳಿಗಾಲದಲ್ಲಿ ಅವಳ ಕೆಮ್ಮು ಉಬ್ಬಸವಾಯಿತು. ಮೆಣಸಿನಕಾಯಿಯ ಧೂಳು ಪುಪ್ಪುಸದಲ್ಲಿ ಕೂತಿದೆ ಎಂದರು ಡಾಕ್ಟರು. ಮಾತಿನ ನಡುವೆ ಉಸಿರು ಹುಡುಕುತ್ತಿದ್ದಳು. ಹಾಡುವುದಂತೂ ನಿಂತೇ ಹೋಯಿತು. ಅದಕ್ಕೇನೂ ಅವಳು ಕೊರಗಿದಂತೆ ಕಾಣಲಿಲ್ಲ. ಹಾಡಬೇಕಾದದ್ದನ್ನು ಹಾಡಿಯಾಗಿತ್ತು.

೨೦೦೭ರ ಬೇಸಿಗೆಯಲ್ಲಿ ಗಿರಣಿಯ ಜಾಗಕ್ಕೆ ಜೆಸಿಬಿ ಬಂತು. ವಾರ ಕಳೆದ ಮೇಲೆ ಶಾಬುದ್ದೀನ ಕಾಲೇಜಿನ ಗೇಟಿನಲ್ಲಿ ನನ್ನನ್ನು ಕಾಯುತ್ತ ನಿಂತಿದ್ದ.

"ಅಕ್ಕಾರ, ಆಯಿಗೆ ಹೆಂಗ ಹೇಳ್ಬೇಕೋ ಗೊತ್ತಾಗವಲ್ದು" ಎಂದ. "ಅವರು ಆ ಗಿಡದ ಹತ್ರ ಇರಲಿಲ್ರಿ."

ಪ್ಲಾಟಿನ ಇನ್ನೊಂದು ಮೂಲೆಯಲ್ಲಿ, ಹಳೆಯ ಕಾಂಪೌಂಡಿಗೆ ಅಂಟಿದಂತೆ, ಜೆಸಿಬಿ ಒಂದು ಬೇವಿನ ಬೊಡ್ಡೆಯನ್ನು ಕಿತ್ತಿತ್ತು. ಎಂದೋ ಕಡಿದು, ಮೇಲೆ ಮಣ್ಣು ಬಿದ್ದು ಮುಚ್ಚಿಹೋಗಿದ್ದ ಬೊಡ್ಡೆ. ಅದರ ಪಕ್ಕದಲ್ಲಿ ಎಲುಬು ಬಂದವು. ಕರಗಿ ಮುದ್ದೆಯಾಗಿದ್ದ ಹಸಿರು ಬಳೆಗಳು ಬಂದವು. ನಾವು ಕಂಡ ಗಿಡ ಬೆಂಕಿಯ ನಂತರ ಹುಟ್ಟಿದ್ದು. ಮಂದಿ ಕೂಡುವ ಮೊದಲು ಖಾಲಿ ಮಾಡಿ ಎಂದು ಗುತ್ತಿಗೆದಾರ ಕೂಗಾಡಿದನಂತೆ. ಎಲ್ಲವನ್ನೂ ಮಣ್ಣಿನ ಜೊತೆ ಟ್ರ್ಯಾಕ್ಟರಿಗೆ ತುಂಬಿ ಹಲಗೇರಿ ರಸ್ತೆಯ ಹಳ್ಳದ ತಗ್ಗಿಗೆ ಸುರಿದಿದ್ದರು. ರಸ್ತೆ ಎತ್ತರಿಸುವ ಕೆಲಸ ಅಲ್ಲಿ ನಡೆದಿತ್ತು. ಸಿದ್ದಲಿಂಗೇಶ ಸರ್ ಎರಡು ಕಚೇರಿಗಳಿಗೆ ಬರೆದುಕೊಟ್ಟರು. ಅಷ್ಟರಲ್ಲಿ ರೋಲರ್ ಓಡಾಡಿ ಆಗಿತ್ತು.

ಹೇಳದೆ ಇರುವ ಹಾಗಿರಲಿಲ್ಲ. ಊರಿನ ಟ್ರ್ಯಾಕ್ಟರುಗಳೇ ಆ ಮಣ್ಣು ಹೊತ್ತಿದ್ದವು. ನಾನು ಹೋಗುವ ಹೊತ್ತಿಗೆ ಬಸವಣ್ಣೆವ್ವನಿಗೆ ಸುದ್ದಿ ತಿಳಿದಿತ್ತು. ಹೊಸ್ತಿಲಲ್ಲಿ ಕುಳಿತಿದ್ದಳು. ಅವಳ ಬಲಗೈ ಗಾಳಿಯಲ್ಲಿ ಹಿಂದೆಮುಂದೆ ಆಡುತ್ತಿತ್ತು.

"ಬರೇ ನೆಲಕ್ಕ ಹಾಡಿ ಬಂದ್ನೆಲ್ಲ ಬೇ."

ಹಳ್ಳದ ಹತ್ತಿರ ಕರೆದುಕೊಂಡು ಹೋಗು ಎಂದಳು. ಹೋದೆವು. ಜಲ್ಲಿಯ ಕಡಿ ಹಾಕಿ ಗಟ್ಟಿಮಾಡಿದ ರಸ್ತೆಯ ಅಂಚಿನಲ್ಲಿ ಕುಳಿತು ಕೈ ಊರಿದಳು. ಕಡಿಯ ಮೊನೆ ಅಂಗೈಗೆ ಒತ್ತಿತು. ಬಾಯಿ ತೆರೆದು "ರಹಿಮತಬೀ" ಎಂದಳು. ಅಷ್ಟಕ್ಕೇ ಉಸಿರು ಮುಗಿಯಿತು. ಮತ್ತೆ ತೆರೆದಳು, ಕೆಮ್ಮು ಬಂತು. ಬೈಕಿನವರು ವೇಗ ತಗ್ಗಿಸಿ ನೋಡಿಕೊಂಡು ಹೋದರು. ಕೈ ತೆಗೆಯದೆಯೇ ನನ್ನ ಕಡೆ ತಿರುಗಿದಳು.

"ನಿನ್ನ ಡಬ್ಬ್ಯಾಗ ನನ್ನ ದನಿ ಐತೆಲ್ಲ. ಅದನ್ನ ಇಲ್ಲಿ ಹಚ್ಚು. ನಾ ಕೈಯಿಟ್ಟ ಕುಂದ್ರತೇನಿ."

ಮರುದಿನವೇ ಹಾವೇರಿಗೆ ಹೋದೆ. ಪ್ರತಿಷ್ಠಾನದ ಕಚೇರಿಯಲ್ಲಿದ್ದವರು ಒಳ್ಳೆಯವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ನನ್ನ ವರದಿಯನ್ನು ಹೊಗಳಿದರು. ಕ್ಯಾಸೆಟ್ಟು ಬೀರುವಿನಲ್ಲಿ ಭದ್ರವಾಗಿದೆ ಎಂದರು.

"ಒಂದ ದಿನಕ್ಕ ಕೊಡ್ರಿ. ತಿರುಗಿ ತಂದು ಕೊಡ್ತೇನಿ."

"ಹಂಗ ಕೊಡಾಕ ಬರೂದಿಲ್ಲಮ್ಮಾ. ಕರಾರಿಗೆ ನೀವ ಸಹಿ ಮಾಡೀರಿ. ಹೊರಗ ಹೋಗಬೇಕಂದ್ರ ಸಮಿತಿ ಸಭೆ ಆಗ್ಬೇಕು. ಒಂದು ಅರ್ಜಿ ಬರೀರಿ."

"ಇಲ್ಲೇ ಒಂದು ಕಾಪಿ ಮಾಡಿಕೊಳ್ಳಲ್ರಿ?"

"ಅದಕ್ಕೂ ಅದ ಅರ್ಜಿ. ಕಾರಣಾನೂ ಬರೀರಿ. ಯಾರಿಗೆ ಕೇಳಸ್ತೀರಿ ಅದನ್ನ?"

ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ 'ಮರು ಅಧ್ಯಯನಕ್ಕಾಗಿ' ಎಂದು ಬರೆದೆ. ವರದಿಯಲ್ಲಿ ಕುಣಿಯ ಜಾಗ ತಪ್ಪಾಗಿದೆ ಎಂದೂ ಹೇಳಿದೆ. ಮುಂದಿನ ಮುದ್ರಣದಲ್ಲಿ ತಿದ್ದೋಣ ಎಂದರು. ಸಭೆ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರು ಊರಲ್ಲಿ ಇರಲಿಲ್ಲ. ಮುಂದಿನ ತಿಂಗಳು ಮತ್ತೆ ಹೋದೆ. ಸಿದ್ದಲಿಂಗೇಶ ಸರ್ ಫೋನು ಮಾಡಿದರು. ಅರ್ಜಿ ಫೈಲಿನಲ್ಲಿದೆ ಎಂಬ ಉತ್ತರ ಬಂತು.

ಪ್ರತಿ ಸಲ ಹಾವೇರಿಯಿಂದ ಬಂದವಳೇ ಅವಳ ಹೊಸ್ತಿಲಿಗೆ ಹೋಗುತ್ತಿದ್ದೆ. ನನ್ನ ಬರಿಗೈ ನೋಡಿ ಅವಳು ಬೇರೆ ಮಾತೆತ್ತುತ್ತಿದ್ದಳು. ಒಮ್ಮೆ ಮಾತ್ರ, "ಇರಲಿ ಬಿಡ, ನಾನ ಹೋಗಿ ಹೇಳ್ತೇನಿ. ಎಷ್ಟ ದಿವಸ ಐತಿ ಅದು?" ಎಂದಳು. ಆಮೇಲೆ ನನ್ನನ್ನಲ್ಲ, ಅಂಗಳವನ್ನು ಕೇಳಿದಳು. "ಆದ್ರ ಎಲ್ಲಿ ಅದಾರ ಅಂತ ಹುಡುಕಲಿ ಅವರನ್ನ? ಒಂದ ಕಡಿಗಿದ್ದವರು ದಾರಿ ತುಂಬ ಆದರು."

ಮುಂಗಾರು ಶುರುವಾದ ವಾರ ಬಸವಣ್ಣೆವ್ವ ತೀರಿಕೊಂಡಳು. ಗೋಡೆಗೆ ಆನಿಸಿ ಕೂರಿಸಿದ್ದರು. ಓಣಿಯ ಹೆಂಗಸರೆಲ್ಲ ಬಂದು ಎದುರು ಕುಳಿತರು. ಅತ್ತರು, ಮೂಗು ಒರೆಸಿಕೊಂಡರು, ಒಬ್ಬರ ಮುಖ ಒಬ್ಬರು ನೋಡಿದರು. ಹಾಡಲು ಯಾರಿಗೂ ಬರುತ್ತಿರಲಿಲ್ಲ. "ಆಕೀನ ಹಾಡಬೇಕಿತ್ತು ನೋಡವ್ವಾ" ಎಂದಳು ನನ್ನ ಅವ್ವ. ಸುದ್ದಿ ಕಳಿಸುವ ಹೊತ್ತು ಸುಮ್ಮನೆ ಕಳೆಯಿತು. ಹೆಣ ಎತ್ತಿದರು.

ನನ್ನ ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ನಾನೀಗ ಬಿ.ಎಡ್. ಓದಲು ದಿನವೂ ರಾಣೇಬೆನ್ನೂರಿಗೆ ಹೋಗಿಬರುತ್ತೇನೆ. ಹಳ್ಳದ ಹತ್ತಿರ ತುಂಬಿದ ಮಣ್ಣು ಮೊದಲ ಮಳೆಗೇ ಅಲ್ಲಲ್ಲಿ ಕುಸಿಯಿತು. ಮೇಲೆ ಡಾಂಬರು ಹಾಕಿದರೂ ಸಮವಾಗಲಿಲ್ಲ. ಅಲ್ಲಿಗೆ ಬಂದಾಗ ಡ್ರೈವರು ವೇಗ ಇಳಿಸುತ್ತಾನೆ. ಬಸ್ಸು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನಿಧಾನವಾಗಿ ತೂಗುತ್ತದೆ. ಕೂಸು ಎತ್ತಿಕೊಂಡ ಹೆಂಗಸರು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಕೂಸು ಏಳುವುದಿಲ್ಲ.